ದೋಟಿಗೆ ಎಟುಕಿದಷ್ಟು

ಬರ್ಮಿಂಗ್‌ಹ್ಯಾಮ್
14 ಅಕ್ಟೋಬರ್ 1962

ಓಲಿವ್ ಅಕ್ಕನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಇದನ್ನು ಒಡೆಯದೆ ಒಲೆಗೆ ಹಾಕುವ ಮನಸ್ಸು ನಿನಗೆ ಬಂದಿರುತ್ತದೆ. ಇಷ್ಟು ಓದುತ್ತಿದ್ದೀಯ ಎಂದರೆ ಹಾಕಿಲ್ಲ ಎಂದಾಯಿತು. ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನನಗೆ ಒಂದು ಮಾತಿನ ಅರ್ಥ ಬೇಕು, ಅಷ್ಟೇ.

ನಾನೀಗ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕಕ್ಕೆ ಮುದ್ರೆ ಒತ್ತುವುದು, ತಡವಾಗಿ ತಂದವರ ಮುಂದೆ ಮುಖ ಗಂಟು ಹಾಕುವುದು. ಎರಡನೆಯದು ನಿನ್ನಿಂದ ಕಲಿತದ್ದು, ಚೆನ್ನಾಗಿ ಮಾಡುತ್ತೇನೆ. ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿದ್ದೇವೆ. ಓದುಗರು ಅದಕ್ಕೆ ಪ್ರಶ್ನೆ ಬರೆದು ಹಾಕುತ್ತಾರೆ, ನಾವು ಉತ್ತರ ಹುಡುಕಿ ಹಲಗೆಯ ಮೇಲೆ ಅಂಟಿಸುತ್ತೇವೆ. ಹೋದ ವಾರ ಯಾರೋ ಕೇಳಿದ್ದರು: ಎಲ್ಲರೂ ‘ಕುಡುಗೋಲಿಂದಲೋ ದೋಟಿಯಿಂದಲೋ’ ಎನ್ನುತ್ತಾರಲ್ಲ, ಅದು ಯಾವ ಕುಡುಗೋಲು, ಯಾವ ದೋಟಿ?

ದಿನವೂ ಕಿವಿಗೆ ಬೀಳುವ ಮಾತು. ಬಸ್ಸು ತಪ್ಪಿದವನು ಕುಡುಗೋಲಿಂದಲೋ ದೋಟಿಯಿಂದಲೋ ಮನೆ ಸೇರುತ್ತೇನೆ ಎನ್ನುತ್ತಾನೆ. ಚುನಾವಣೆಗೆ ನಿಂತವನು ಕುಡುಗೋಲಿಂದಲೋ ದೋಟಿಯಿಂದಲೋ ಗೆಲ್ಲುತ್ತೇನೆ ಎನ್ನುತ್ತಾನೆ. ನೆಟ್ಟಗೋ ಸೊಟ್ಟಗೋ, ಏನಾದರೂ ಮಾಡಿ ಕೆಲಸ ಆಗಲೇಬೇಕು ಎಂದು ಅರ್ಥ. ಆದರೆ ಆ ಎರಡು ಹತಾರಗಳು ಅಲ್ಲಿಗೆ ಹೇಗೆ ಬಂದವು?

ನಮ್ಮ ಲೈಬ್ರರಿಯ ಮುಖ್ಯಸ್ಥ ಪಾರ್ಜಿಟರ್ ಅವರ ಪ್ರಕಾರ ಐರ್ಲೆಂಡಿನ ಕಡಲತೀರದಲ್ಲಿ ಆ ಎರಡೂ ಹೆಸರಿನ ಊರುಗಳಿವೆಯಂತೆ. ಯಾವನೋ ದಂಡನಾಯಕ ಈ ಊರಿಂದಲಾದರೂ ಸರಿ, ಆ ಊರಿಂದಲಾದರೂ ಸರಿ ಒಳನುಗ್ಗುತ್ತೇನೆ ಎಂದು ಪಣ ತೊಟ್ಟನಂತೆ. ಒಬ್ಬ ಪಾದ್ರಿ ಬಂದು, ಅದೆಲ್ಲ ಸುಳ್ಳು, ದೋಟಿ ಎಂದರೆ ಬಿಷಪ್ಪರ ಕೈಯ ಡೊಂಕು ಕೋಲು ಎಂದರು. ಮತ್ತೊಬ್ಬರು ಆ ಹೆಸರಿನ ಇಬ್ಬರು ನ್ಯಾಯಾಧೀಶರಿದ್ದರು ಎಂದರು. ಮೂರು ಕಥೆಗಳೂ ಸೊಗಸಾಗಿವೆ. ಅಷ್ಟು ಸೊಗಸಾಗಿರುವುದರಿಂದಲೇ ನನಗೆ ಅನುಮಾನ.

ಚೀಟಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಹಿತ್ತಿಲ ಬಾಗಿಲ ಹಿಂದೆ ಒರಗಿಸಿಡುತ್ತಿದ್ದ, ತುದಿಗೆ ಕೊಕ್ಕೆಯಿರುವ ಅಪ್ಪನ ಉದ್ದನೆಯ ದೋಟಿ. ಅಪ್ಪನ ಜೊತೆ ಕಾಡಿಗೆ ಹೋಗುತ್ತಿದ್ದವಳು ನೀನು. ನಾನು ಮನೆಯಲ್ಲಿ ಕೂತು ಬ್ರೆಡ್ ಸುಡುತ್ತಿದ್ದೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ನಾನು ಬರೆಯುತ್ತಿರುವುದು ವಿಲ್ಫ್‌ಗೆ ಗೊತ್ತು. ಬೇಡ ಎನ್ನಲಿಲ್ಲ.

ನಿನ್ನ ತಂಗಿ,
ಮೇವಿಸ್

*

ಫರ್ನ್‌ಹ್ಯಾಚ್
28 ಅಕ್ಟೋಬರ್ 1962

ಮೇವಿಸ್,

ಕೇಳಿದ್ದಕ್ಕೆ ಉತ್ತರ ಇದು.

ಕಾಡು ನಮ್ಮದಲ್ಲ, ಅದರ ಒಡೆಯರದು. ಕಾಡಂಚಿನ ಕೆಲವು ಮನೆಗಳಿಗೆ ಸೌದೆಯ ಹಕ್ಕು ಇದೆ, ನಮ್ಮದಕ್ಕೂ ಇದೆ. ಹಕ್ಕು ಎಂದರೆ ಮನಸ್ಸಿಗೆ ಬಂದಷ್ಟು ಅಲ್ಲ. ಒಣಗಿದ್ದು ಮಾತ್ರ. ನೆಲದ ಮೇಲೆ ನಿಂತು ದೋಟಿ ಹಾಕಿ ಎಳೆದರೆ ಮುರಿದು ಬೀಳುವಷ್ಟು, ಇಲ್ಲವೇ ಕೈಯಲ್ಲಿರುವ ಕುಡುಗೋಲಿಗೆ ಸಿಗುವಷ್ಟು. ಏಣಿ ಹಾಕುವ ಹಾಗಿಲ್ಲ, ಮರ ಹತ್ತುವ ಹಾಗಿಲ್ಲ. ಗರಗಸ ಕೂಡದು, ಕೊಡಲಿ ಕೂಡದು. ಮೇಲಿನದೆಲ್ಲ ಗಾಳಿಯದು ಎನ್ನುತ್ತಿದ್ದರು ಅಪ್ಪ. ಗಾಳಿ ಯಾವಾಗ ಕೆಡವುತ್ತದೋ ಆಗ ನಮ್ಮದು.

ಊರವರ ಬಾಯಲ್ಲಿರುವ ಆ ಮಾತು ಇದರಿಂದಲೇ ಹುಟ್ಟಿತು ಎಂದು ಅಪ್ಪ ನಂಬಿದ್ದರು. ಪಕ್ಕದ ಮನೆಯ ಪರ್ಕಿಸ್ ತಾತ ಅದನ್ನು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಕುಡುಗೋಲು ಕೊಯ್ಲಿನವರದು, ದೋಟಿ ಕುರಿ ಕಾಯುವವರದು, ಕಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಬ್ಬರೂ ಸೈಡರ್ ಕುಡಿದಾಗಲೆಲ್ಲ ಈ ಜಗಳ ಆಗುತ್ತಿತ್ತು. ಇಬ್ಬರೂ ಈಗ ಒಂದೇ ಚರ್ಚಿನ ಅಂಗಳದಲ್ಲಿ ಮಲಗಿದ್ದಾರೆ, ಅಲ್ಲೇ ತೀರ್ಮಾನ ಮಾಡಿಕೊಳ್ಳಲಿ. ನಾನು ಕಂಡದ್ದು ದೋಟಿಯನ್ನು. ಮಾತಿನ ಹುಟ್ಟನ್ನು ನಾನು ಕಂಡಿಲ್ಲ.

ನಿನ್ನ ಗಂಡನ ಯೋಗಕ್ಷೇಮವನ್ನು ನಾನು ಕೇಳುತ್ತಿಲ್ಲ.

ಓಲಿವ್ ಹೆನ್‌ಬೆಸ್ಟ್

*

ಬರ್ಮಿಂಗ್‌ಹ್ಯಾಮ್
18 ನವೆಂಬರ್ 1962

ಅಕ್ಕಾ,

ತಂಗಿಗೆ ಬರೆದ ಕಾಗದಕ್ಕೆ ಮನೆತನದ ಹೆಸರನ್ನೂ ಸೇರಿಸಿ ಸಹಿ ಹಾಕಿದ್ದೀಯಲ್ಲ. ಮೊದಲು ನಕ್ಕೆ, ಆಮೇಲೆ ಅಳು ಬಂತು. ಇರಲಿ. ಒಂಬತ್ತು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆನಲ್ಲ, ಅದೇ ದೊಡ್ಡದು.

ನೀನು ಬರೆದದ್ದನ್ನು ಪಾರ್ಜಿಟರ್ ಅವರಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಇದನ್ನೂ ಹಲಗೆಗೆ ಹಾಕೋಣ, ಆದರೆ ಐರ್ಲೆಂಡನ್ನು ತೆಗೆಯುವುದಿಲ್ಲ ಎಂದರು. ಈಗ ಹಲಗೆಯ ಮೇಲೆ ನಾಲ್ಕು ಉತ್ತರಗಳಿವೆ. ಜನ ನಿಂತು ವಾದ ಮಾಡುತ್ತಾರೆ, ಪುಸ್ತಕ ಕೊಂಡುಹೋಗುವುದನ್ನು ಮರೆಯುತ್ತಾರೆ.

ಆದರೆ ನನ್ನ ತಲೆಗೆ ಬೇರೆ ಹುಳ ಹೊಕ್ಕಿದೆ. ಅಪ್ಪ ಹೇಳಿದ್ದೇ ನಿಜವಾಗಿದ್ದರೆ ಆ ಮಾತು ಇಷ್ಟರ ಮೇಲೆ ಕೈ ಚಾಚಬೇಡ ಎನ್ನುವ ಕಟ್ಟಳೆ. ಈಗ ನಾವೆಲ್ಲ ಅದನ್ನು ಆಡುವುದು ಯಾವ ಕಟ್ಟಳೆಯೂ ನನಗಿಲ್ಲ ಎನ್ನುವುದಕ್ಕೆ. ಒಂದು ಮಾತು ತನ್ನ ಅರ್ಥಕ್ಕೇ ಹೀಗೆ ಬೆನ್ನು ತಿರುಗಿಸಿ ನಿಂತದ್ದು ಯಾವಾಗ? ಕಾಡು ಬಿಟ್ಟು ಪೇಟೆಗೆ ಬಂದಾಗ ಇರಬೇಕು. ಪೇಟೆಯವರಿಗೆ ದೋಟಿಯ ಉದ್ದ ಎಷ್ಟೆಂದು ಗೊತ್ತಿಲ್ಲವಲ್ಲ.

ಇದನ್ನು ಯೋಚಿಸುತ್ತಾ ಆ ಫೆಬ್ರವರಿ ನೆನಪಾಗದೆ ಇರಲಿಲ್ಲ. ನಿನಗೂ ನೆನಪಾಗಿರುತ್ತದೆ. ನಾನೂ ವಿಲ್ಫೂ ಅಪ್ಪನನ್ನು ನೋಡಲು ಬಂದಿದ್ದೆವು. ಅಪ್ಪ ಕೆಮ್ಮುತ್ತಾ ಮಲಗಿದ್ದರು, ನೀನು ಔಷಧಿಗೆ ಹೋಗಿದ್ದೆ. ಒಟ್ಟಿದ ಸೌದೆಯಲ್ಲಿ ತಳ ಕಾಣುತ್ತಿತ್ತು. ವಿಲ್ಫ್ ಕೊಟ್ಟಿಗೆಯಿಂದ ಕೊಡಲಿ ತೆಗೆದುಕೊಂಡ. ಹೊಸಲು ದಾಟುವಾಗ ಅವನು ಆಡಿದ ಮಾತು ಇದೇ. “ಕುಡುಗೋಲಿಂದಲೋ ದೋಟಿಯಿಂದಲೋ, ಇವತ್ತು ಮಾವನ ಮನೆ ಬೆಚ್ಚಗೆ ಮಾಡ್ದೆ ಬಿಡಲ್ಲ ನಾನು.” ಒಂದು ಎಳೆಯ ಬೀಚ್ ಮರವನ್ನೇ ಕಡಿದು ಎಳೆದು ತಂದ. ಹಸಿ ಮರ, ಮನೆಯೆಲ್ಲ ಹೊಗೆ. ಅವನು ಹಿತ್ತಾಳೆ ಕಾರ್ಖಾನೆಯವನು ಅಕ್ಕಾ, ಅವನಿಗೆ ಮರವೆಂದರೆ ಮರ, ಅಷ್ಟೇ.

ಮರುದಿನ ನಾವು ಹೊರಟೆವು. ಕಾಡಿನ ಹಕ್ಕು ನೋಡಿಕೊಳ್ಳುವ ಕೋರ್ಟಿನವರು ಅಪ್ಪನನ್ನು ಕರೆಸಿದರು ಎಂದು ಆಮೇಲೆ ಯಾರೋ ಹೇಳಿದರು. ನಂತರ ನಿನ್ನ ಕಾಗದ ಬಂತು. ಅಪ್ಪ ಹೋದರು, ನಿನ್ನ ಗಂಡನ ಕೊಡಲಿ ಅವರನ್ನು ತೆಗೆದುಕೊಂಡುಹೋಯಿತು, ಮಣ್ಣಿಗೆ ಬರಬೇಡಿ ಎಂದು. ನಾವು ಬರಲಿಲ್ಲ.

ಕೋರ್ಟಿನಲ್ಲಿ ಅಪ್ಪ ಏನು ಹೇಳಿದರು? ಅದನ್ನು ತಿಳಿಯದೆಯೇ ಇಷ್ಟು ವರ್ಷ ಕಳೆದಿದ್ದೇನೆ. ಇವತ್ತು ಕೇಳುತ್ತಿದ್ದೇನೆ.

ವಿಲ್ಫ್‌ಗೆ ಎದೆ ಕಟ್ಟಿದೆ, ಕೆಲಸಕ್ಕೆ ಹೋಗುತ್ತಿಲ್ಲ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಮೇವಿಸ್

*

ಫರ್ನ್‌ಹ್ಯಾಚ್
9 ಡಿಸೆಂಬರ್ 1962

ಮೇವಿಸ್,

ಬರೆಯಬಾರದು ಎಂದೇ ಇದ್ದೆ. ಮೂರು ವಾರ ಮನಸ್ಸು ಹೊಯ್ದಾಡಿತು.

ಕೋರ್ಟಿನವರು ನಡೆದುಕೊಂಡದ್ದು ಮರ್ಯಾದೆಯಿಂದಲೇ. ಅಪ್ಪನಿಗೆ ಕುರ್ಚಿ ಹಾಕಿಸಿದರು. ಹೆನ್‌ಬೆಸ್ಟ್, ನೀವು ಕೊಡಲಿ ಎತ್ತುವವರಲ್ಲ, ಕಡಿದವರು ಯಾರು ಹೇಳಿ, ಅವರ ಮೇಲೆ ದಂಡ ಹಾಕುತ್ತೇವೆ ಎಂದರು. ನಾನು ಪಕ್ಕದಲ್ಲೇ ನಿಂತು ಅಪ್ಪನ ತೋಳು ಜಗ್ಗಿದೆ. ಹೆಸರು ಹೇಳಿ ಎಂದು ಕಿವಿಯಲ್ಲಿ ಬೇಡಿಕೊಂಡೆ. ಅಪ್ಪ ಹೇಳಿದ್ದು ಇಷ್ಟು. “ಆ ಮರ ಉರಿದಿದ್ದು ನನ್ನ ಒಲೇಲಿ. ಬಿಸಿ ಕಾಸ್ಕೊಂಡೋನು ನಾನು. ಕಡಿದೋನೂ ನಾನೇ ಅಂತ ಬರ್ಕೊಳ್ಳಿ.”

ಚಳಿಗಾಲ ಮುಗಿಯುವವರೆಗೆ ನಮ್ಮ ಸೌದೆಯ ಹಕ್ಕನ್ನು ನಿಲ್ಲಿಸಿದರು. ಕೊಟ್ಟಿಗೆಯ ಅಟ್ಟದಲ್ಲಿ ಅಪ್ಪ ಒಟ್ಟಿದ್ದ, ನಿಮ್ಮ ಕಣ್ಣಿಗೆ ಬೀಳದ ಒಣ ಸೌದೆಯನ್ನು ಉರಿಸಬಹುದಿತ್ತು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಅಪ್ಪ ಒಪ್ಪಲಿಲ್ಲ. ಹಕ್ಕು ನಿಂತರೆ ಬೆಂಕಿಯೂ ನಿಲ್ಲಬೇಕು ಎಂದು ಹಠ ಹಿಡಿದರು. ಕೋಟು ಹಾಕಿಕೊಂಡು ತಣ್ಣಗಿನ ಒಲೆಯ ಮುಂದೆ ಕೂರುತ್ತಿದ್ದರು. ನಾನು ಬೇಯಿಸಿದ್ದು ಎಣ್ಣೆ ಸ್ಟೌವಿನ ಮೇಲೆ. ಏಪ್ರಿಲ್‌ನಲ್ಲಿ ಹೋದರು.

ನನಗೆ ಸಿಟ್ಟು ಯಾರ ಮೇಲೆ ಎಂದು ನೀನು ಕೇಳಬಹುದು. ನಿನ್ನ ಗಂಡನ ಮೇಲೆ, ಒಂದು ಮಾತು ಕೇಳದೆ ಕೊಡಲಿ ಎತ್ತಿದನಲ್ಲ ಎಂದು. ನಿನ್ನ ಮೇಲೆ, ನೋಡಿಯೂ ಸುಮ್ಮನಿದ್ದೆಯಲ್ಲ ಎಂದು. ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ, ನನ್ನ ಮಾತಿಗಿಂತ ಅವನ ಹೆಸರು ಉಳಿಸುವುದೇ ದೊಡ್ಡದಾಯಿತಲ್ಲ ಎಂದು. ಸತ್ತವರ ಮೇಲೆ ಸಿಟ್ಟು ಮಾಡಲಾಗುವುದಿಲ್ಲ. ಅದೂ ಸೇರಿ ನಿಮ್ಮ ಪಾಲಿಗೇ ಬಂತು.

ಇನ್ನೊಂದು ವಿಷಯ. ಹೊಸ ವರ್ಷ ಹುಟ್ಟಿದ ಮೇಲೆ ಗಾರೆ ಕೆಲಸದ ಬರ್ಟ್ ಸ್ಟ್ರೈಡ್ ಬಂದು ನಮ್ಮ ಒಲೆಯನ್ನು ಇಟ್ಟಿಗೆ ಇಟ್ಟು ಮುಚ್ಚುತ್ತಾನೆ, ಹೊಗೆಗೂಡನ್ನೂ ಕೆಡವುತ್ತಾನೆ. ಅಲ್ಲಿ ವಿದ್ಯುತ್ ಒಲೆ ಬರುತ್ತದೆ, ಗುಂಡಿ ಒತ್ತಿದರೆ ಸಾಕು. ಸೌದೆಯ ಹಕ್ಕು ಇರುವುದು ನನಗಲ್ಲ, ನಿನಗಲ್ಲ, ಆ ಒಲೆಗೆ. ಒಲೆ ಹೋದರೆ ಹಕ್ಕು ಹೋಯಿತು, ಮತ್ತೆ ಕಟ್ಟಿದರೂ ಬರುವುದಿಲ್ಲ. ನನಗೆ ಗೊತ್ತಿದ್ದೇ ಮಾಡುತ್ತಿದ್ದೇನೆ. ದೋಟಿ ಎತ್ತಲು ನನ್ನ ಭುಜ ಒಪ್ಪುವುದಿಲ್ಲ. ಎಳೆದು ತಂದರೂ ಆ ಬೆಂಕಿಯ ಮುಂದೆ ಕೂರುವವಳು ನಾನೊಬ್ಬಳೇ.

ಅದು ನಿನ್ನ ಒಲೆಯೂ ಹೌದು ಎಂದು ತಿಳಿಸಿದ್ದೇನೆ. ಅಭಿಪ್ರಾಯ ಕೇಳಿಲ್ಲ.

ಓಲಿವ್

*

ಬರ್ಮಿಂಗ್‌ಹ್ಯಾಮ್
7 ಜನವರಿ 1963

ಅಕ್ಕಾ,

ಕೇಳದಿದ್ದರೂ ಹೇಳುತ್ತೇನೆ, ಮುಚ್ಚಬೇಡ.

ಈ ಕಾಗದ ನಿನಗೆ ಯಾವಾಗ ತಲುಪುತ್ತದೋ ಗೊತ್ತಿಲ್ಲ. ಕ್ರಿಸ್‌ಮಸ್ ಮರುದಿನ ಶುರುವಾದ ಹಿಮ ಇನ್ನೂ ಬಿಟ್ಟಿಲ್ಲ. ನಲ್ಲಿ ಹೆಪ್ಪುಗಟ್ಟಿದೆ, ಕಾಲುವೆ ಹೆಪ್ಪುಗಟ್ಟಿದೆ. ಕಲ್ಲಿದ್ದಲು ತರುವ ದೋಣಿಗಳು ಅದರಲ್ಲೇ ಸಿಕ್ಕಿಕೊಂಡಿವೆ. ಇದ್ದಿಲಂಗಡಿಯವನು ಮನೆಗೊಂದು ಸಣ್ಣ ಚೀಲ ಕೊಡುತ್ತಾನೆ, ಅದೂ ಇದ್ದರೆ. ಗ್ಯಾಸ್ ಉರಿ ಹೆಸರಿಗಷ್ಟೇ. ಲೈಬ್ರರಿ ಒಂದೇ ಬೆಚ್ಚಗಿರುವುದು. ಊರಿನ ಮುದುಕರೆಲ್ಲ ಬಂದು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೂತಿರುತ್ತಾರೆ. ಪಾರ್ಜಿಟರ್ ನೋಡಿಯೂ ನೋಡದ ಹಾಗೆ ಇರುತ್ತಾರೆ.

ಅಪ್ಪ ಕೋರ್ಟಿನಲ್ಲಿ ಆಡಿದ ಮಾತನ್ನು ವಿಲ್ಫ್‌ಗೆ ಓದಿ ಹೇಳಿದೆ. ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ. ಅಲ್ಲಿಂದಲೇ, “ಅವ್ರು ನನ್ನ ಹೆಸ್ರು ಹೇಳ್ಬೇಕಿತ್ತು, ಮೇವಿಸ್,” ಎಂದ.

ಅವನ ಎದೆ ಚೆನ್ನಾಗಿಲ್ಲ ಅಕ್ಕಾ. ಉಸಿರೆಳೆದರೆ ಸದ್ದು ಪಕ್ಕದ ಕೋಣೆಗೆ ಕೇಳುತ್ತದೆ. ಬೆಚ್ಚಗಿಡಿ, ಬೇರೆ ಔಷಧಿ ನನ್ನ ಬಳಿಯೂ ಇಲ್ಲ ಎನ್ನುತ್ತಾರೆ ಡಾಕ್ಟರು. ಬೆಚ್ಚಗಿಡುವುದು ಹೇಗೆ? ಮುರಿದ ಕುರ್ಚಿಯನ್ನು ಉರಿಸಿದೆ, ಈಗ ಮುರಿಯದ ಕುರ್ಚಿಯನ್ನು ನೋಡುತ್ತಿದ್ದೇನೆ. ನನಗೆ ಭಯವಾಗುತ್ತಿದೆ.

ನಾಚಿಕೆ ಬಿಟ್ಟು ಕೇಳುತ್ತೇನೆ. ಹೇಗೂ ಒಲೆ ಮುಚ್ಚಿಸುತ್ತೀಯ. ನಿನ್ನ ಕೊಟ್ಟಿಗೆಯಲ್ಲಿ ಒಣ ಸೌದೆ ಉಳಿದಿದ್ದರೆ ಒಂದು ಮೂಟೆಯನ್ನು ರೈಲಿಗೆ ಹಾಕಿಸುತ್ತೀಯಾ? ಅವನಿಗಾಗಿ ಬೇಡ. ನನಗಾಗಿ.

ಮೇವಿಸ್

*

ಫರ್ನ್‌ಹ್ಯಾಚ್
19 ಜನವರಿ 1963

ಮೇವಿಸ್,

ನಿನ್ನ ಕಾಗದ ನಿನ್ನೆ ಬಂತು, ಟ್ರ್ಯಾಕ್ಟರಿನಲ್ಲಿ, ಹಾಲಿನ ಕ್ಯಾನುಗಳ ಜೊತೆ.

ಸೌದೆ ಕಳಿಸಲಾಗುವುದಿಲ್ಲ. ಒಂದು ಕಡ್ಡಿಯನ್ನೂ ಕಳಿಸಲಾಗುವುದಿಲ್ಲ. ನಮ್ಮ ಒಲೆಗೆಂದು ತಂದ ಸೌದೆ ನಮ್ಮ ಒಲೆಯಲ್ಲೇ ಉರಿಯಬೇಕು. ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ, ಬೇಲಿಯಾಚೆ ದಾಟಿಸುವ ಹಾಗಿಲ್ಲ. ಅಪ್ಪ ಹೋದದ್ದೇ ಈ ಕಟ್ಟಳೆಗೆ. ಅದನ್ನು ನಾನು ಮುರಿಯಲಾರೆ.

ಇದನ್ನು ಓದಿ ಕಾಗದ ಹರಿಯಬೇಡ, ಮುಂದೆ ಓದು.

ಬರ್ಟ್ ಸ್ಟ್ರೈಡ್ ಮುಂಚಿತವಾಗಿಯೇ ಇಟ್ಟಿಗೆ ತಂದು ಅಂಗಳದಲ್ಲಿ ಒಟ್ಟಿದ್ದ. ಆ ವಾರವೇ ಹಿಮ ಬಿದ್ದು ಇಟ್ಟಿಗೆಯೂ ಕಾಣದಾಯಿತು, ಅಂಗಳವೂ ಕಾಣದಾಯಿತು. ಮರುದಿನ ವಿದ್ಯುತ್ ತಂತಿ ಹರಿದು ಊರೆಲ್ಲ ಕತ್ತಲಾಯಿತು. ಗುಂಡಿ ಒತ್ತುವ ಒಲೆಯವರೆಲ್ಲ ಗುಂಡಿ ಒತ್ತುತ್ತಾ ಕೂತರು. ಇಷ್ಟು ವರ್ಷ ಮುಟ್ಟದೆ ಇಟ್ಟಿದ್ದ ಅಪ್ಪನ ಕಾಲದ ಸೌದೆಯನ್ನು ನಾನು ತೆಗೆದೆ. ಒಂಬತ್ತು ವರ್ಷ ಒಣಗಿದ ಸೌದೆ ಹೇಗೆ ಉರಿಯುತ್ತದೆಂದು ನೀನು ನೋಡಬೇಕು.

ಹೊಗೆ ಕಂಡು ಪರ್ಕಿಸ್ ತಾತನ ಸೊಸೆ ಡಾಫ್ನಿ ಬಾಗಿಲಿಗೆ ಬಂದಳು. ಕಂಕುಳಲ್ಲಿ ಕೂಸು, ತುಟಿ ನೀಲಿ. ಎರಡು ತುಂಡು ಕೊಡಿ ಎಂದಳು. ನಾನು ಆಗುವುದಿಲ್ಲ ಎಂದೆ. ಅವಳೂ ಇದೇ ಊರವಳು, ಕಟ್ಟಳೆ ಗೊತ್ತು. ತಿರುಗಿ ಹೊರಟಳು. ಅವಳ ಬೆನ್ನು ನೋಡುತ್ತಾ ನಿಂತಿದ್ದೆ ಮೇವಿಸ್, ಆಗ ನನಗೆ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಸೌದೆ ಜನರ ಹತ್ತಿರ ಹೋಗುವ ಹಾಗಿಲ್ಲ. ಜನ ಸೌದೆಯ ಹತ್ತಿರ ಬರಬಾರದು ಎಂದು ಯಾವ ಕೋರ್ಟೂ ಹೇಳಿಲ್ಲ.

ಕೂಗಿ ಕರೆದೆ. ಈಗ ಈ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಡಾಫ್ನಿ, ಅವಳ ಮಕ್ಕಳು, ಅವಳ ಅತ್ತೆ. ಅತ್ತೆ ನಾನು ಮಾಡುವ ಸೂಪಿಗೆ ಉಪ್ಪು ಕಡಿಮೆ ಎನ್ನುತ್ತಾಳೆ, ಎರಡು ಬಟ್ಟಲು ಕುಡಿಯುತ್ತಾಳೆ. ಅಂಚೆಯವನು ಬೂಟು ಒಣಗಿಸಿಕೊಳ್ಳಲು ಬಂದವನು ಹೋಗಿಯೇ ಇಲ್ಲ. ಮೊನ್ನೆ ಬರ್ಟ್ ಸ್ಟ್ರೈಡ್ ಕೂಡ ಬಂದ. ಒಲೆಯ ಮುಂದೆ ಕೂತು ಕೈ ಕಾಸಿಕೊಳ್ಳುತ್ತಾ ಮೇಲೆ ಹೊಗೆಗೂಡನ್ನು ನೋಡಿದ. “ಇದನ್ನ ಮುಚ್ಚೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಓಲಿವಕ್ಕ,” ಎಂದ. ಇಟ್ಟಿಗೆ ವಾಪಸು ತೆಗೆದುಕೊಂಡು ಹೋಗು ಎಂದೆ.

ಆದ್ದರಿಂದ ಒಲೆ ಇದೆ. ಸೌದೆ ಇದೆ. ಅಪ್ಪನ ಕುರ್ಚಿ ಇದೆ. ಅದರಲ್ಲಿ ಯಾರನ್ನೂ ಕೂರಿಸಿಲ್ಲ, ಡಾಫ್ನಿಯ ಅತ್ತೆ ಕಣ್ಣು ಹಾಕಿದ್ದಾಳೆ. ರೈಲು ಓಡುತ್ತಿದೆ ಎಂದು ಅಂಚೆಯವನು ಹೇಳುತ್ತಾನೆ. ಸ್ಟೇಷನ್ನಿಗೆ ಹಾಲಿನ ಟ್ರ್ಯಾಕ್ಟರು ಬರುತ್ತದೆ. ಇರುವ ಕಂಬಳಿಯನ್ನೆಲ್ಲ ಸುತ್ತಿ ನಿನ್ನ ಗಂಡನನ್ನು ಕರೆದುಕೊಂಡು ಬಾ.

ಕೊಡಲಿಯನ್ನು ನಾನು ಮಾರಿ ಬಹಳ ವರ್ಷವಾಯಿತು ಎಂದು ಅವನಿಗೆ ಹೇಳು.

ನಿನ್ನ ಅಕ್ಕ,
ಓಲಿವ್

*

ಫರ್ನ್‌ಹ್ಯಾಚ್
17 ಮಾರ್ಚ್ 1963

ಮೇವಿಸ್,

ನೀನು ನನ್ನನ್ನು ನಿನ್ನ ಅಕ್ಕನ ಹತ್ತಿರ ಬಿಟ್ಟು ಕೆಲಸಕ್ಕೆ ವಾಪಸು ಹೋಗಿ ಮೂರು ವಾರ ಆಯಿತು. ಕಾಗದ ಬರಿ ಬರಿ ಎನ್ನುತ್ತೀಯ. ನನಗೆ ಬರೆಯೋದು ಅಂದರೆ ಕಷ್ಟ ಅಂತ ನಿನಗೂ ಗೊತ್ತು.

ನನ್ನ ಎದೆ ಸಡಿಲವಾಗಿದೆ. ರಾತ್ರಿ ನಿದ್ದೆ ಬರುತ್ತದೆ. ಹಿಮ ಕರಗಿ ಎಲ್ಲೆಲ್ಲೂ ಕೆಸರು. ಡಾಫ್ನಿಯ ಅತ್ತೆ ಮನೆಗೆ ಹೋಗಿದ್ದಾಳೆ, ಆದರೆ ಸೂಪಿನ ಹೊತ್ತಿಗೆ ಬರುತ್ತಾಳೆ. ನನ್ನನ್ನು ನಿಮ್ಮಪ್ಪನ ಕುರ್ಚಿಯಲ್ಲಿ ಕೂರಿಸಿದ್ದನ್ನು ಅವಳು ಇನ್ನೂ ಕ್ಷಮಿಸಿಲ್ಲ.

ನಿನ್ನ ಅಕ್ಕ ನನ್ನನ್ನು ಹೇಗೆ ಕರೀತಾಳೆ ಅಂತ ನೀನೇ ನೋಡಿದ್ದೆಯಲ್ಲ. ಹೆಸರಿಲ್ಲ. ನೇರವಾಗಿ ಮಾತೂ ಇಲ್ಲ. “ಅವರಿಗೆ ಟೀ ಬೇಕಾ ಕೇಳು” ಅಂತ ಬೆಕ್ಕಿಗೆ ಹೇಳುತ್ತಾಳೆ. ನಾನೂ ಬೇಕು ಅಂತ ಬೆಕ್ಕಿಗೇ ಹೇಳುತ್ತೇನೆ. ಟೀ ಬರುತ್ತದೆ. ತೊಂದರೆಯೇನಿಲ್ಲ.

ನಿನ್ನೆ ಬಿಸಿಲಿತ್ತು. ಹಿತ್ತಿಲ ಬಾಗಿಲ ಹಿಂದಿಂದ ದೋಟಿ ತೆಗೆದು ಗೋಡೆಗೆ ಒರಗಿಸಿ ಅವಳು ಒಳಗೆ ಹೋದಳು. ತಗೋ ಅಂತಲೂ ಹೇಳಲಿಲ್ಲ, ಬಾ ಅಂತಲೂ ಹೇಳಲಿಲ್ಲ. ಬೂಟು ಹಾಕಿಕೊಂಡು ಹೊರಗೆ ಬಂದವಳು ಕಾಡಿನ ಕಡೆ ನಡೆದಳು. ನಾನು ದೋಟಿ ಎತ್ತಿಕೊಂಡು ಹಿಂದೆ ಹೋದೆ. ನೋಡುವುದಕ್ಕೆ ಹಗುರ, ಎತ್ತಿ ಹಿಡಿದರೆ ಕೈ ನಡುಗುತ್ತದೆ. ಮೊದಲ ಸಲ ಎಳೆದಾಗ ಕೊಂಬೆ ನನ್ನ ಟೋಪಿಯ ಮೇಲೇ ಬಿತ್ತು. ಅವಳು ಆಚೆ ತಿರುಗಿಕೊಂಡಳು. ನಕ್ಕಳು ಅಂತ ನನ್ನ ಅನುಮಾನ. ಆಮೇಲೆ ಕೊಕ್ಕೆ ಎಲ್ಲಿ ಸಿಕ್ಕಿಸಬೇಕು, ಎಳೆಯುವಾಗ ಎಲ್ಲಿ ನಿಲ್ಲಬೇಕು ಅಂತ ಕೈ ಸನ್ನೆಯಲ್ಲೇ ತೋರಿಸಿದಳು.

ವಾಪಸು ಬರುವಾಗ ದೊಡ್ಡ ಓಕ್ ಮರದಲ್ಲಿ ಒಂದು ಕೊಂಬೆ ಕಂಡೆ. ಒಣಗಿ ಬೆಳ್ಳಗಾಗಿದೆ, ನನ್ನ ತೊಡೆಯಷ್ಟು ದಪ್ಪ, ಒಂದು ವಾರ ಉರಿಯುವಂಥದ್ದು. ತುದಿಗಾಲಲ್ಲಿ ನಿಂತು ದೋಟಿ ಚಾಚಿದೆ. ಕೊಕ್ಕೆಗೂ ಕೊಂಬೆಗೂ ನಡುವೆ ಒಂದು ಗೇಣು ಉಳಿಯಿತು. ಪಕ್ಕದಲ್ಲೇ ಕಡಿದ ಮರದ ಮೋಟು ಇತ್ತು. ಅದರ ಮೇಲೆ ಹತ್ತಿದರೆ ಖಂಡಿತ ಸಿಗುತ್ತಿತ್ತು. ಒಂದು ಕಾಲು ಇಟ್ಟೂ ಆಗಿತ್ತು ಮೇವಿಸ್. ಆಗ ಆ ಫೆಬ್ರವರಿ ನೆನಪಾಯಿತು. ಹೊಸಲು ದಾಟುವಾಗ ಯಾರಾದರೂ ನನ್ನನ್ನು ಒಂದು ಸಲ ಕರೆದಿದ್ದರೆ ಅಂತ ಎಷ್ಟು ವರ್ಷ ಅಂದುಕೊಂಡಿದ್ದೇನೋ. ಕಾಲು ಎತ್ತಲೋ ಇಳಿಸಲೋ ತಿಳಿಯದೆ ಹಾಗೇ ನಿಂತೆ.

ನಿನ್ನ ಅಕ್ಕ ಹಿಂದೆಯೇ ಇದ್ದಳು. ಬೆಕ್ಕು ಮನೆಯಲ್ಲಿತ್ತು.

“ವಿಲ್ಫ್,” ಅಂದಳು, “ಬಿಡು ಅದನ್ನ. ಗಾಳಿ ಬರುತ್ತೆ.”

ನಾನು ಕಾಲು ಕೆಳಗಿಟ್ಟೆ. ಇಬ್ಬರೂ ಸೌದೆ ಹೊತ್ತುಕೊಂಡು ಮನೆಗೆ ಬಂದೆವು.

ನಿನ್ನ
ವಿಲ್ಫ್